ಲಾಡ್‌ಖಾನನ ಗುಡಿಯೂ ಐನೂರ್ವರ ಕೂಟವೂ

ಲಾಡ್ಜ್ ಎಂಬ ಮಾತು ನಮ್ಮ ಊರಿನಲ್ಲಿ ತನ್ನ ಪೂರ್ವದ ಅರ್ಥವನ್ನು ಮರೆತು ಬಹುಕಾಲವಾಯಿತು. ಬೆಂಗಳೂರಿನ ರೈಲ್ವೆ ನಿಲ್ದಾಣದಿಂದ ಹೊರಗೆ ಬಂದ ಪ್ರಯಾಣಿಕನಿಗೆ ಆ ಹೆಸರಿನ ಹಲಗೆ ಕಂಡೊಡನೆ ಹೊಳೆಯುವುದು ಒಂದು ಮಂಚ, ಒಂದು ಬಕೆಟ್ಟು ಬಿಸಿನೀರು, ಬೆಳಗಾಗುವವರೆಗೆ ದೊರೆಯುವ ಬಾಡಿಗೆಯ ಆಸರೆ; ಇಷ್ಟೇ. ಆದರೆ ಆ ಮಾತಿಗೆ ಕೂಟವೆಂಬ ಅರ್ಥ ಬಂದದ್ದು ಕಲ್ಲುಕುಟಿಗರಿಂದ. ಯುರೋಪು ಖಂಡದಲ್ಲಿ ದೊಡ್ಡ ದೊಡ್ಡ ಇಗರ್ಜಿಗಳನ್ನು ಕಟ್ಟುತ್ತಿದ್ದ ಕಾಲದಲ್ಲಿ, ಏಳುತ್ತಿರುವ ಗೋಡೆಯ ಮಗ್ಗುಲಲ್ಲಿಯೇ ಶಿಲ್ಪಿಗಳು ಒಂದು ಚಪ್ಪರವನ್ನು ಹಾಕಿಕೊಳ್ಳುತ್ತಿದ್ದರು. ಅಲ್ಲಿ ಕಲ್ಲು ಕೆತ್ತುವರು, ಉಂಡು ದಣಿವಾರಿಸಿಕೊಳ್ಳುವರು, ಕೆಲಸದ ಮರ್ಮವನ್ನು ಕಿರಿಯರಿಗೆ ಕಲಿಸುವರು. ಆ ಚಪ್ಪರವೇ ಲಾಡ್ಜ್. ಮುಂದೆ ಉಳಿಯನ್ನು ಕೈಯಲ್ಲಿ ಹಿಡಿಯದ ಗೃಹಸ್ಥರೂ ಇಂಥ ಕೂಟಗಳನ್ನು ಸೇರಿ, ಮೂಲೆಮಟ್ಟ ಕೈವಾರಗಳನ್ನೇ ತಮ್ಮ ಲಾಂಛನವಾಗಿ ಇಟ್ಟುಕೊಂಡರು. 1717ರಲ್ಲಿ ಲಂಡನ್ ಪಟ್ಟಣದ ನಾಲ್ಕು ಲಾಡ್ಜುಗಳು ಕಲೆತು ಒಂದು ಮಹಾಕೂಟವಾದವು. ಫ್ರೀಮೇಸನ್ನರೆಂದು ಪ್ರಸಿದ್ಧರಾದ ಈ ಸೋದರರು ಇಂಗ್ಲಿಷರ ಹಡಗುಗಳೊಡನೆ ನಮ್ಮ ದೇಶಕ್ಕೂ ಬಂದರು. ದಂಡು ಇದ್ದ ಊರುಗಳಲ್ಲಿ ತಮ್ಮ ಮಂದಿರಗಳನ್ನು ಕಟ್ಟಿದರು. ಸ್ವಾಮಿ ವಿವೇಕಾನಂದರು ಸಂನ್ಯಾಸಕ್ಕೆ ಮುಂಚೆ, ನರೇಂದ್ರನಾಥ ದತ್ತರಾಗಿದ್ದಾಗ, 1884ರಲ್ಲಿ ಕಲ್ಕತ್ತೆಯ ಒಂದು ಲಾಡ್ಜನ್ನು ಸೇರಿದ್ದರು. 1961ರಲ್ಲಿ ಭಾರತಕ್ಕೆ ತನ್ನದೇ ಆದ ಮಹಾಕೂಟ ಏರ್ಪಟ್ಟಿತು.

ಪರದೇಶದ ಈ ವೃತ್ತಾಂತವನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವುಂಟು. ನಮ್ಮದು ಒಂದು ಚಿಕ್ಕ ಸಾಹಿತ್ಯಕೂಟ. ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವಣ ಬಡಾವಣೆಯೊಂದರಲ್ಲಿ, ಮಹಡಿಯ ಮೇಲಣ ಎರಡು ಬಾಡಿಗೆಯ ಕೊಠಡಿಗಳಲ್ಲಿ, ತಿಂಗಳಿಗೊಮ್ಮೆ ಸೇರುತ್ತೇವೆ. ಅಲ್ಲಿ ನಾಲ್ಕು ಬೀರು ಪುಸ್ತಕಗಳಿವೆ. ಹಾಜರಿ ಪುಸ್ತಕದ ಹಳೆಯ ಪುಟಗಳಲ್ಲಿ ತುಂಬಿ ತುಳುಕುವ ರುಜುಗಳು ಹೊಸ ಪುಟಗಳಲ್ಲಿ ವಿರಳವಾಗುತ್ತ ಬಂದಿವೆ. ಹೀಗಿರಲಾಗಿ, ಕೂಟಕ್ಕೆ ಸ್ವಂತದ ಮಂದಿರ ಬೇಕು, ಅದೂ ಕಲ್ಲಿನದೇ ಆಗಬೇಕು ಎಂಬ ಸೂಚನೆ ಹಿರಿಯರಿಂದ ಬಂದಿತು. ಕಲ್ಲಿನಲ್ಲಿ ಕಟ್ಟಿದರೆ ನಾವು ಹೋದ ಮೇಲೂ ಕೂಟ ಉಳಿಯುವುದು ಎಂದು ಅವರ ವಾದ. ಬರುವವರೇ ಇಲ್ಲದ ಮೇಲೆ ಮಂದಿರ ಯಾರಿಗೆ ಎಂದು ಶಾಲೆಯ ಉಪಾಧ್ಯಾಯಿನಿಯೊಬ್ಬರು ಕೇಳಿದರು. ಚರ್ಚೆ ಅಲ್ಲಿಂದ ದಾನಿಗಳ ಕಡೆಗೆ ತಿರುಗಿತು. ಇಂತಿಷ್ಟು ಕೊಟ್ಟವರ ಹೆಸರು ಹೊಸ್ತಿಲ ಬಳಿಯ ಫಲಕದಲ್ಲಿ, ಇಂತಿಷ್ಟು ಕೊಟ್ಟವರ ಹೆಸರು ಸಭಾಂಗಣದ ಕಂಬದಲ್ಲಿ ಎಂಬ ಪಟ್ಟಿ ಸಿದ್ಧವಾಯಿತು. ಕಂಬ ಯಾರಿಗೆ ಸಲ್ಲಬೇಕೆಂಬ ಮಾತಿನಲ್ಲಿ, ಮೂವತ್ತು ವರ್ಷ ಪಕ್ಕಪಕ್ಕದಲ್ಲಿ ಕುಳಿತಿದ್ದ ಇಬ್ಬರು ಮಿತ್ರರು ಮುಖ ತಿರುಗಿಸಿಕೊಂಡು ಮನೆಗೆ ಹೋದರು. ಸಾರ್ವಜನಿಕರಿಗೆ ವಿಜ್ಞಾಪನೆಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಅದನ್ನು ಬರೆಯುವುದಕ್ಕೆ ಮುಂಚೆ, ಒಂದು ಕೂಟದ ಹೆಸರನ್ನು ಹನ್ನೆರಡು ಶತಮಾನ ಕಾಪಾಡಿಕೊಂಡು ಬಂದಿರುವ ಕಲ್ಲಿನ ಮನೆಯೊಂದನ್ನು ನೋಡಿ ಬರುವ ಪ್ರಸಂಗ ಒದಗಿತು. ಅದು ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿಗೆ ಸೇರಿದ ಐಹೊಳೆಯಲ್ಲಿದೆ.

ಐಹೊಳೆ ಇಂದು ಮಲಪ್ರಭೆಯ ದಡದ ಒಂದು ಸಣ್ಣ ಊರು. ಜೋಳದ ಹೊಲ, ಕೆಂಪು ಮರಳುಗಲ್ಲಿನ ಗುಡ್ಡ, ಅವುಗಳ ನಡುವೆ ನೂರಕ್ಕೂ ಹೆಚ್ಚಾದ ಗುಡಿಗಳು. ಗುಡ್ಡದ ಮೇಲಣ ಮೇಗುಟಿಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯ ಪ್ರತಾಪವನ್ನು ನಾವು ಬಲ್ಲುದು ಬಹುಮಟ್ಟಿಗೆ ಅದರಿಂದಲೇ. ಪ್ರವಾಸಿಗರೆಲ್ಲರೂ ಮೊದಲು ಧಾವಿಸುವುದು ದುರ್ಗದ ಗುಡಿಗೆ. ಗಜಪೃಷ್ಠದ ಆ ಚೆಲುವಿನ ಮುಂದೆ ಪಕ್ಕದ ಕಟ್ಟಡ ಮಂಕಾಗಿ ತೋರುವುದು ಸಹಜ. ನಾನು ನೋಡಲು ಹೋದದ್ದು ಆ ಮಂಕು ಕಟ್ಟಡವನ್ನೇ; ಅದರ ಹೆಸರು ಲಾಡ್‌ಖಾನನ ಗುಡಿ.

ಗುಡಿಯೆಂದು ಕರೆಯಲು ನಾಲಗೆ ಒಮ್ಮೆಗೇ ಒಪ್ಪುವುದಿಲ್ಲ. ಮುಗಿಲಿಗೇರಿದ ಶಿಖರವಿಲ್ಲ, ಕಣ್ಣು ಕೋರೈಸುವ ಕೆತ್ತನೆ ಹೊರಗೋಡೆಯ ಮೇಲಿಲ್ಲ. ತಗ್ಗಾದ, ಚೌಕವಾದ, ಪಕ್ಕಕ್ಕೆ ಸುಮಾರು 50 ಅಡಿ ಇರುವ ಒಂದು ತೊಟ್ಟಿಯ ಮನೆಯನ್ನು ಕಲ್ಲಾಗೆಂದು ಯಾರೋ ಶಪಿಸಿದಂತಿದೆ. ಮಾಡು ಎರಡು ಹಂತಗಳಲ್ಲಿ ನಾಲ್ಕೂ ಕಡೆಗೆ ಇಳಿಜಾರಾಗಿದೆ. ಹಾಸುಗಲ್ಲುಗಳು ಕೂಡುವ ಸಂದುಗಳ ಮೇಲೆ, ಸೀಳಿದ ಮರದ ಕೊರಡುಗಳನ್ನು ಕವಿಚಿಟ್ಟ ಹಾಗೆ, ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಹೊದಿಸಿದ್ದಾರೆ. ಮಳೆಯ ನೀರು ಒಳಗಿಳಿಯದಂತೆ ಮರದ ಮನೆಯಲ್ಲಿ ಬಡಗಿ ಮಾಡುತ್ತಿದ್ದ ಉಪಾಯವನ್ನೇ ಕಲ್ಲುಕುಟಿಗ ಕಲ್ಲಿನಲ್ಲಿ ಮಾಡಿದ್ದಾನೆ. ಪೂರ್ವದ ಮುಖಮಂಟಪದಲ್ಲಿ ಒರಗಿ ಕುಳಿತುಕೊಳ್ಳಲು ಕಲ್ಲಿನ ಜಗುಲಿ. ಅದರ ಒರಗಿನ ಹೊರಮೈಯಲ್ಲಿ ಸಾಲಾಗಿ ಪೂರ್ಣಕಲಶಗಳು. ಕಂಬಗಳ ಮೇಲೆ ಪ್ರಣಯಿಗಳ ಜೋಡಿಗಳು, ನದೀದೇವತೆಯರು. ಒಳಗೆ ಹನ್ನೆರಡು ಕಂಬಗಳ ಒಂದು ಸುತ್ತು, ಅದರೊಳಗೆ ನಾಲ್ಕು ಕಂಬಗಳ ಇನ್ನೊಂದು ಸುತ್ತು, ನಡುವೆ ನಂದಿ. ಗೋಡೆಯ ಕಲ್ಲಿನ ಜಾಲಂದ್ರಗಳ ಮೂಲಕ ಬಿಸಿಲು ಹಾಸಿಗೆ ಹಾಸಿದಂತೆ ನೆಲದ ಮೇಲೆ ಬಿದ್ದಿರುತ್ತದೆ.

ಇನ್ನೊಂದು ವಿಶೇಷವುಂಟು. ದೇವರ ಕೋಣೆಗೆ ಇಲ್ಲಿ ಬೇರೆ ಅಂಕಣವಿಲ್ಲ. ಹಿಂದಿನ ಗೋಡೆಗೆ ಒತ್ತಿಕೊಂಡು, ಸಭಾಂಗಣದ ಒಳಗಡೆಯೇ, ಸೇರಿಸಿಟ್ಟ ಪೆಟ್ಟಿಗೆಯ ಹಾಗೆ ಅದು ನಿಂತಿದೆ. ಬಾಗಿಲ ಮೇಲೆ ಗರುಡ, ಒಳಗೆ ಶಿವಲಿಂಗ, ಅಂಗಣದ ಮೂಲೆಯ ಕಲ್ಲೇಣಿಯನ್ನು ಹತ್ತಿ ಮಾಡಿನ ಮೇಲಕ್ಕೆ ಹೋದರೆ ಅಲ್ಲಿನ ಚಿಕ್ಕ ಗುಡಿಯಲ್ಲಿ ಸೂರ್ಯ. ಇದು ಮೊದಲು ಊರ ಮಹಾಜನರು ಸೇರುತ್ತಿದ್ದ ಚಾವಡಿಯಾಗಿದ್ದಿರಬೇಕು, ದೇವರು ಆಮೇಲೆ ಬಂದಿರಬೇಕು ಎಂದು ಕೆಲವು ವಿದ್ವಾಂಸರು ಊಹಿಸಿದ್ದು ಇದರಿಂದಲೇ. 1926ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಹೆನ್ರಿ ಕಸೆನ್ಸ್ ಎಂಬವರು ಇದನ್ನು ಕ್ರಿ.ಶ. 450ರ ಸುಮಾರಿಗೆ ಸೇರಿಸಿದ್ದರು. ಈಚಿನವರು 7ನೆಯ ಶತಮಾನದ ಕೊನೆ ಅಥವಾ 8ನೆಯ ಶತಮಾನದ ಮೊದಲು ಎನ್ನುತ್ತಾರೆ. ಚಾವಡಿಯ ಮಾತನ್ನು ಎಲ್ಲರೂ ಒಪ್ಪಬೇಕಾದ್ದಿಲ್ಲ. ಆದರೆ ಆ ಕಂಬಗಳ ನಡುವೆ ಹತ್ತು ನಿಮಿಷ ಕುಳಿತವನಿಗೆ, ಇದು ದೇವರೆದುರು ಕೈಮುಗಿದು ಸಾಗಿಹೋಗಲು ಮಾಡಿದ ಜಾಗವಲ್ಲ, ಮನುಷ್ಯರು ಎದುರುಬದುರಾಗಿ ಕುಳಿತು ಮಾತನಾಡಲು ಮಾಡಿದ ಜಾಗ ಎಂದು ತೋರದೆ ಇರದು.

ಮಾತನಾಡಿದವರು ಯಾರು? ಕ್ರಿ.ಶ. 800ರ ಸುಮಾರಿನದೆಂದು ಎಣಿಸಲಾದ, ಈ ಕಟ್ಟಡದಲ್ಲಿಯೇ ಇರುವ ಒಂದು ಶಾಸನ ಐನೂರ್ವರನ್ನು ಹೆಸರಿಸುತ್ತದೆ. ಐಹೊಳೆಗೆ ಅಂದು ಆರ್ಯಪುರ, ಅಯ್ಯಾವೊಳೆ ಎಂಬ ಹೆಸರುಗಳು. ಚಾತುರ್ವಿದ್ಯರಾದ ಮಹಾಜನ ಐನೂರ್ವರು ಆ ಪಟ್ಟಣದ ಹಿರಿಯರು. ಅದೇ ಊರಿನ ಹೆಸರನ್ನೂ ಅದೇ ಸಂಖ್ಯೆಯನ್ನೂ ಹೊತ್ತುಕೊಂಡು ಮುಂದೆ ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿದ ವರ್ತಕರ ಬಳಗವೇ ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳು. ಐನೂರು ಎಂಬುದು ಬಹುಬೇಗ ಎಣಿಕೆಯಾಗಿ ಉಳಿಯದೆ ಬಿರುದಾಯಿತು. ಸೆಟ್ಟಿಗಳು, ಗವರೆಗಳು, ಗಾತ್ರಿಗರು, ದಾರಿಗಾವಲಿನ ಮುಮ್ಮುರಿದಂಡದವರು ಎಂದು ನಾನಾ ಪಂಗಡಗಳು ಅದರಲ್ಲಿ ಸೇರಿದವು. ಸ್ವದೇಶಿ, ಪರದೇಶಿ, ನಾನಾದೇಶಿ ಎಂದು ತಮ್ಮಲ್ಲಿಯೇ ವಿಂಗಡಿಸಿಕೊಂಡರು. ಭಗವತಿ ಅವರ ಕುಲದೇವತೆ. ಲಾಡ್‌ಖಾನನ ಗುಡಿಯ ಮಗ್ಗುಲಲ್ಲಿರುವ ಗೌಡರ ಗುಡಿ ಆಕೆಯ ಹೆಸರಿನದು. ವೀರಬಣಂಜು ಧರ್ಮವೆಂಬುದು ಅವರ ಕಟ್ಟಳೆ. ಕೊಟ್ಟ ಮಾತಿಗೆ ತಪ್ಪದಿರುವುದು, ಮೊರೆಹೊಕ್ಕವರನ್ನು ಬಿಟ್ಟುಕೊಡದಿರುವುದು, ದಾರಿಯಲ್ಲಿ ಅಂಜದಿರುವುದು ಆ ಧರ್ಮದ ಸಾರ. ಇವರ ಪ್ರಶಸ್ತಿಗಳನ್ನು ಓದಿದರೆ ವ್ಯಾಪಾರಿಗಳ ಮಾತೋ ವೀರರ ಮಾತೋ ಎಂದು ಭ್ರಮೆಯಾಗುವಂತಿದೆ. ನೆಲದ ದಾರಿಯಲ್ಲೂ ನೀರಿನ ದಾರಿಯಲ್ಲೂ ನಡೆದು ಆನೆ, ಕುದುರೆ, ಮುತ್ತು, ನೀಲ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿಗಳನ್ನು ಮಾರಿದವರು ತಾವೆಂದು ಅವರು ಹೇಳಿಕೊಳ್ಳುತ್ತಾರೆ. ಸಗಟಾಗಿಯೂ ಮಾರುವೆವು, ಹೆಗಲ ಮೇಲೆ ಹೊತ್ತು ಬಿಡಿಯಾಗಿಯೂ ಮಾರುವೆವು ಎಂಬ ಅರ್ಥದ ಮಾತನ್ನು ಹೆಮ್ಮೆಯಿಂದ ಹೇಳಿಸಿದ್ದಾರೆ. ಹೆಗಲ ಮೇಲಣ ಮೂಟೆಯನ್ನು ಶಾಸನದಲ್ಲಿ ಮರೆಮಾಚದ ಶ್ರೀಮಂತರು ನನಗೆ ಪ್ರಿಯರಾದರು.

ಈ ಕೂಟ ಎಲ್ಲಿಯವರೆಗೆ ನಡೆದುಹೋಯಿತೆಂಬುದು ಆಶ್ಚರ್ಯದ ಸಂಗತಿ. ಸುಮಾತ್ರಾ ದ್ವೀಪದ ಬಾರೂಸ್ ಎಂಬ ಕರ್ಪೂರದ ರೇವಿನಲ್ಲಿ ಕ್ರಿ.ಶ. 1088ರ ತಮಿಳು ಶಾಸನವೊಂದು ಈ ಐನೂರ್ವರನ್ನು ಹೆಸರಿಸುತ್ತದೆ. ಬರ್ಮಾ ದೇಶದ ಪಗಾನ್ ಪಟ್ಟಣದಲ್ಲಿ 13ನೆಯ ಶತಮಾನದಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣುಗುಡಿಯೊಂದಿತ್ತು. ಕೇರಳದ ಕರಾವಳಿಯಿಂದ ಹೋದವನೊಬ್ಬ ಅದಕ್ಕೆ ಒಂದು ಮಂಟಪ, ಒಂದು ಬಾಗಿಲು, ಒಂದು ನಂದಾದೀಪ ಇಷ್ಟನ್ನು ಕೊಟ್ಟನು. ಇತ್ತ ನಮ್ಮ ನಾಡಿನಲ್ಲಿ ಹಲವು ಪೇಟೆಗಳು ತಮ್ಮನ್ನು ದಕ್ಷಿಣದ ಅಯ್ಯಾವೊಳೆಯೆಂದು ಕರೆದುಕೊಂಡವು. ಅಂದರೆ, ಮಲಪ್ರಭೆಯ ದಡದ ಕಲ್ಲಿನ ಮನೆಯನ್ನು ಬಿಟ್ಟು ಬಹುದೂರ ಬಂದ ಮೇಲೂ, ಕೂಡಿದ ಕಡೆಯೇ ಅಯ್ಯಾವೊಳೆ ಎಂದು ಅವರು ನಂಬಿದ್ದರು. ಜೈನರ ಬಸದಿಗೂ ಶೈವರ ಗುಡಿಗೂ ವೈಷ್ಣವರ ಗುಡಿಗೂ ಒಂದೇ ಕೈಯಿಂದ ದಾನ ಕೊಟ್ಟರು.

ಆ ದಾನದ ರೀತಿ ಇಂದಿನ ನಮಗೆ ವಿಚಾರ ಮಾಡತಕ್ಕದ್ದಾಗಿದೆ. ದೇವರ ನಂದಾದೀಪಕ್ಕೋ ಕೆರೆಗೋ ಧರ್ಮವನ್ನು ಬಿಡಬೇಕಾದಾಗ, ಈ ವರ್ತಕರು ಎಷ್ಟೋ ಕಡೆ ಕೂಡಿ ಕುಳಿತು ತಮ್ಮ ಮೇಲೆ ತಾವೇ ತೆರಿಗೆಯನ್ನು ಹಾಕಿಕೊಂಡಿದ್ದಾರೆ. ಮೆಣಸಿನ ಹೇರಿಗೆ ಇಷ್ಟು, ಎಲೆಯ ಹೊರೆಗೆ ಇಷ್ಟು, ಬಟ್ಟೆಯ ಮೂಟೆಗೆ ಇಷ್ಟು ಎಂದು ಗೊತ್ತುಮಾಡಿದ್ದಾರೆ. ದೊಡ್ಡ ಸೆಟ್ಟಿಯ ಹೇರುಗಳು ಹೆಚ್ಚು, ಅವನ ಪಾಲೂ ಹೆಚ್ಚು; ತಲೆಹೊರೆಯವನದು ಒಂದೇ ಹೊರೆ, ಅವನ ಪಾಲು ಒಂದು ಹಿಡಿ. ಆದರೆ ದೀಪಕ್ಕೆ ಎಣ್ಣೆಯೆರೆದವರು ಯಾರೆಂದು ಕೇಳಿದರೆ ಶಾಸನ ಐನೂರ್ವರು ಎಂದು ಇಡಿಯ ಕೂಟದ ಹೆಸರನ್ನೇ ಹೇಳುತ್ತದೆ. ಒಂದು ಸಲ ಕೊಟ್ಟು ಕೈತೊಳೆದುಕೊಳ್ಳುವ ದಾನ ಇದಲ್ಲ. ಹೇರು ಬರುವವರೆಗೂ, ಅಂದರೆ ಕೂಟ ಬದುಕಿರುವವರೆಗೂ, ನಿತ್ಯವೂ ನಡೆಯತಕ್ಕದ್ದು. ದೀಪ ಆರಿತೆಂದರೆ ಕೂಟ ಕರಗಿತೆಂದು ಊರಿಗೆಲ್ಲ ತಿಳಿಯುವುದು.

ವರ್ತಕರಂತೆ ಕಲ್ಲು ಕಡಿದವರಿಗೂ ತಮ್ಮದೇ ಬಳಗಗಳಿದ್ದವು. ಚಾಲುಕ್ಯರ ಕಟ್ಟಡಗಳ ಕಂಬ ಗೋಡೆಗಳ ಮೇಲೆ ಶಿಲ್ಪಿಗಳ ಹೆಸರುಗಳು ಅಲ್ಲಲ್ಲಿ ಕಾಣುತ್ತವೆ. ಐಹೊಳೆಯಲ್ಲಿಯೇ ನರಸೊಬ್ಬನೆಂಬವನಿಗೆ ಮನೆ ಗುಡಿಗಳನ್ನು ಕಟ್ಟುವುದರಲ್ಲಿ ಜಂಬೂದ್ವೀಪದಲ್ಲಿ ಸಮನಿಲ್ಲವೆಂಬ ಹೊಗಳಿಕೆ ಸಂದಿದೆ. ಹತ್ತಿರದ ಪಟ್ಟದಕಲ್ಲಿನಲ್ಲಿ, ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಅರಸನಿಂದ ಅವನಿಗೆ ತ್ರಿಭುವನಾಚಾರಿಯೆಂಬ ಬಿರುದು ದೊರೆಯಿತು. ಬಿರುದಿಗಿಂತ ದೊಡ್ಡದೊಂದು ಮಾತು ಆ ಶಾಸನದಲ್ಲಿದೆ: ಈ ನಾಡಿನ ಕುಶಲಿಗಳಿಗೆ ಆಗಿದ್ದ ಬಹಿಷ್ಕಾರವನ್ನು ನೀಗಿಸಿದವನು ಇವನು. ಅರಸನ ಮನ್ನಣೆಗೆ ಪಾತ್ರನಾದವನು ಆ ಮನ್ನಣೆಯನ್ನು ತನ್ನ ಜೊತೆಯ ಉಳಿಗಾರರ ಮಾನಕ್ಕಾಗಿ ವಿನಿಯೋಗಿಸಿದನು. ಲಂಡನ್ನಿನ ಮಹಾಕೂಟಕ್ಕೆ ಸಾವಿರ ವರ್ಷ ಹಿಂದೆ, ಕಲ್ಲುಕುಟಿಗರ ಸೋದರಭಾವಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯ ಬೇಕಿಲ್ಲ.

ಇಂಥ ಊರಿನ, ಇಂಥ ಕೂಟದ ಮನೆಗೆ ಕಡೆಗೆ ಉಳಿದ ಹೆಸರು ಯಾವುದು? ಕಟ್ಟಿಸಿದ ಅರಸನದಲ್ಲ, ಕಟ್ಟಿದ ಶಿಲ್ಪಿಯದಲ್ಲ, ಒಳಗೆ ಕುಳಿತು ವ್ಯವಹಾರವನ್ನು ನಿರ್ಣಯಿಸಿದ ಐನೂರ್ವರದೂ ಅಲ್ಲ. ಎಷ್ಟೋ ಶತಮಾನಗಳ ತರುವಾಯ, ಬಿಟ್ಟುಬಿದ್ದಿದ್ದ ಆ ಅಂಗಣದಲ್ಲಿ ಲಾಡ್‌ಖಾನನೆಂಬ ಮುಸಲ್ಮಾನನೊಬ್ಬ ವಾಸವಾಗಿದ್ದನು. ಜನ ಅವನ ಹೆಸರಿನಿಂದ ಅದನ್ನು ಕರೆದರು. ವಿದ್ವಾಂಸರು ಅದನ್ನೇ ಗ್ರಂಥಗಳಲ್ಲಿ ಬರೆದರು. ಸುತ್ತಮುತ್ತಲ ಹೆಸರುಗಳೂ ಇದೇ ಬಗೆಯವು: ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ. ಅರಸರು ಮರೆತ ಮನೆಗಳಲ್ಲಿ ಬಡಗಿಯೂ ಅಂಬಿಗನೂ ಒಲೆ ಹಚ್ಚಿದರು, ತೊಟ್ಟಿಲು ಕಟ್ಟಿದರು. ಪುರಾತತ್ತ್ವ ಇಲಾಖೆಯ ವಶಕ್ಕೆ ಬಂದ ಮೇಲೆ ಗುಡಿಗಳು ತೆರವಾದವು. ಹೆಸರುಗಳು ಮಾತ್ರ ತೆರವಾಗಲಿಲ್ಲ. ಇದನ್ನು ಕಾಲದ ಪರಿಹಾಸ್ಯವೆಂದು ಕೆಲವರು ಮರುಗುವುದುಂಟು. ನನಗೆ ಹಾಗೆ ತೋರಲಿಲ್ಲ. ಸಭಾಮಂದಿರದ ಅರ್ಥದ ಲಾಡ್ಜು ಪ್ರಯಾಣಿಕನ ಲಾಡ್ಜಾಗಿ ಪರಿಣಮಿಸಿದ್ದು ಬೆಂಗಳೂರಿನ ಹಲಗೆಗಳ ಮೇಲೆ ಮಾತ್ರವಲ್ಲ, ಐಹೊಳೆಯಲ್ಲೂ ಹಾಗೆಯೇ ಆಯಿತು. ಕೂಟದವನಲ್ಲದ ಒಬ್ಬನಿಗೆ ನೆರಳು ಕೊಟ್ಟದ್ದರಿಂದ ಆ ಕಲ್ಲಿಗೆ ಕುಂದೇನೂ ಬರಲಿಲ್ಲ.

ಅದೇ ಮಲಪ್ರಭೆ ಐಹೊಳೆಯನ್ನು ಬಿಟ್ಟು ಕೆಳಗೆ ಹರಿದು ಕೃಷ್ಣೆಯನ್ನು ಕೂಡುವ ಸ್ಥಳ ಕೂಡಲಸಂಗಮ. ಹುನಗುಂದದ ಸೀಮೆಯಲ್ಲಿಯೇ ಇರುವ ಆ ಕ್ಷೇತ್ರದಲ್ಲಿ ಬಸವಣ್ಣನವರು ಬಾಲ್ಯವನ್ನು ಕಳೆದು, 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋದರು. ಅಲ್ಲಿ ಅವರ ಸುತ್ತ ಸೇರಿದ ಶರಣರ ಗೋಷ್ಠಿಯನ್ನು ಪರಂಪರೆ ಅನುಭವಮಂಟಪವೆಂದು ಕರೆಯುತ್ತದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಅಕ್ಕಮಹಾದೇವಿ ಎಲ್ಲರಿಗೂ ಅಲ್ಲಿ ಸಮನಾದ ಆಸನ. ಕಾಯಕವೇ ಪ್ರವೇಶದ ಮುದ್ರೆ. ಇಂಗ್ಲೆಂಡಿನ ಲಾಡ್ಜುಗಳು ಹೆಂಗಸರಿಗೆ ಬಾಗಿಲು ಮುಚ್ಚಿದ್ದುದನ್ನು ನೆನೆದರೆ ಈ ಮಂಟಪದ ಹಿರಿಮೆ ಗೊತ್ತಾಗುವುದು. ಆ ಮಂಟಪದ್ದೆಂದು ನಿಶ್ಚಯವಾಗಿ ಬೆರಳಿಟ್ಟು ತೋರಿಸಬಹುದಾದ ಒಂದು ಹಾಸುಗಲ್ಲೂ ನಮಗೆ ಉಳಿದಿಲ್ಲ. ಆದರೂ ಬೆಂಗಳೂರಿನ ಪಶ್ಚಿಮಕ್ಕೆ ಬಸವೇಶ್ವರನಗರವೆಂಬ ಬಡಾವಣೆಯಿದೆ. ಅಲ್ಲಿ ಮುಂಜಾನೆ ಹಾಲು ತರಲು ಹೊರಟವನ ಬಾಯಲ್ಲೂ ಶರಣರ ಮಾತೊಂದು ಬರುವುದುಂಟು. ಒಂದೇ ಹೊಳೆಯ ದಡದಲ್ಲಿ ಹೀಗೆ ಎರಡು ನಿದರ್ಶನಗಳು: ಒಂದು ಕಡೆ ಕೂಟವಿಲ್ಲದ ಕಲ್ಲು, ಮತ್ತೊಂದು ಕಡೆಯಿಂದ ಹೊರಟ ಕಲ್ಲಿಲ್ಲದ ಕೂಟ.

ಇಷ್ಟರಿಂದ ಕಲ್ಲೇ ಬೇಡವೆಂದು ನಾನು ಹೇಳಬಂದವನಲ್ಲ. ಬಾಡಿಗೆಯ ಕೊಠಡಿಯಲ್ಲಿ, ಯಾವಾಗ ಬಿಡಬೇಕಾಗುವುದೋ ಎಂಬ ಶಂಕೆಯಲ್ಲಿ, ಪುಸ್ತಕಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿಟ್ಟುಕೊಂಡು ಬದುಕುವ ಸಂಘಗಳ ಕಷ್ಟ ಸಣ್ಣದಲ್ಲ. ಮಳೆಗೆ ಮಾಡು ಬೇಕು. ಮಾತಿಗೆ ಮನೆ ಬೇಕು. ಆ ಐನೂರ್ವರೂ ಮಾತಿಗಾಗಿ ಒಂದು ಮಾಡಿನ ಕೆಳಗೆ ಸೇರಿದವರೇ. ಆದರೆ ಮನೆ ಕೂಟವನ್ನು ಉಳಿಸುವುದೆಂದು ತಿಳಿದು ಕಟ್ಟಬಾರದು. ಕೂಟವನ್ನು ಉಳಿಸತಕ್ಕದ್ದು ಹೇರಿಗೆ ಇಷ್ಟು ಎಂಬ ಆ ನಿತ್ಯದ ಕಟ್ಟಳೆ. ಗುಂಡ ಅನಿವಾರಿತಾಚಾರಿಯಂತೆ ಪಕ್ಕದವನ ಮಾನವನ್ನು ತನ್ನದೆಂದು ಎಣಿಸುವ ಬುದ್ಧಿ. ಕೂಡಿದ ಕಡೆಯೇ ಅಯ್ಯಾವೊಳೆಯೆಂಬ ನಂಬಿಕೆ.

ಆದುದರಿಂದ ನಾನು ಬರೆದುಕೊಟ್ಟ ವಿಜ್ಞಾಪನೆಯಲ್ಲಿ ಕಂಬಗಳ ಬೆಲೆಯ ಪಟ್ಟಿ ಇರಲಿಲ್ಲ. ಪ್ರತಿಯೊಬ್ಬ ಸದಸ್ಯನೂ ತನ್ನ ತಿಂಗಳ ವರಮಾನದಲ್ಲಿ ನೂರಕ್ಕೆ ಇಷ್ಟು ಎಂದು ಕೊಡುವುದು. ಕೊಟ್ಟವರ ಹೆಸರು ಲೆಕ್ಕದ ಪುಸ್ತಕದಲ್ಲಿರುವುದು, ಗೋಡೆಯ ಮೇಲಲ್ಲ. ಮಂದಿರ ಏಳುವುದಕ್ಕೆ ಮುಂಚೆಯೇ, ಈಗಿರುವ ಎರಡು ಕೊಠಡಿಗಳಲ್ಲೊಂದನ್ನು ದಿನವೂ ಸಾಯಂಕಾಲ ತೆರೆದು, ಮನೆಯಲ್ಲಿ ಓದಲು ಜಾಗವಿಲ್ಲದ ಹುಡುಗ ಹುಡುಗಿಯರಿಗೆ ದೀಪ ಹಚ್ಚಿಡುವುದು. ಇವೇ ಅದರ ಮೂರು ಅಂಶಗಳು. ಮೂರನೆಯದಕ್ಕೆ ಉಪಾಧ್ಯಾಯಿನಿಯವರು ಕೂಡಲೇ ಸಮ್ಮತಿಸಿ ಬೀಗದ ಕೈಯ ಹೊಣೆಯನ್ನು ತಾವೇ ಹೊತ್ತರು. ಮೊದಲನೆಯದು ಸ್ವಲ್ಪ ಗೊಣಗಾಟದ ನಡುವೆ ಅಂಗೀಕಾರವಾಯಿತು. ಎರಡನೆಯದು ಇನ್ನೂ ಚರ್ಚೆಯಲ್ಲಿದೆ. ಮುನಿಸಿಕೊಂಡ ಮಿತ್ರರಲ್ಲಿ ಒಬ್ಬರು ಬರತೊಡಗಿದ್ದಾರೆ. ಇನ್ನೊಬ್ಬರು ಬಂದ ದಿನ ಅಡಿಗಲ್ಲಿನ ಮಾತನ್ನು ಎತ್ತಬಹುದೆಂದು ಅಧ್ಯಕ್ಷರು ಹೇಳಿದ್ದಾರೆ.

ಸಣ್ಣ ಸಂಘಗಳನ್ನು ನಡೆಸುವ ಮಹನೀಯರು ನಮ್ಮ ನಾಡಿನ ಪೇಟೆ ಪೇಟೆಗಳಲ್ಲೂ ಇದ್ದಾರೆ. ಅವರಲ್ಲಿ ನನ್ನ ಅರಿಕೆ ಇಷ್ಟು: ಮಂದಿರವನ್ನು ಕಟ್ಟುವ ಯೋಗ ಬಂದಾಗ ಒಮ್ಮೆ ಐಹೊಳೆಗೆ ಹೋಗಿ ಬನ್ನಿ. ದುರ್ಗದ ಗುಡಿಯನ್ನು ಕಣ್ತುಂಬ ನೋಡಿದ ಮೇಲೆ, ಪಕ್ಕದ ತಗ್ಗು ಮಾಡಿನ ಮನೆಗೆ ಬಂದು, ಮುಖಮಂಟಪದ ಜಗುಲಿಯ ಮೇಲೆ ಒಂದು ಗಳಿಗೆ ಒರಗಿ ಕುಳಿತುಕೊಳ್ಳಿ. ಆ ಜಗುಲಿಗೆ ಬಾಗಿಲಿಲ್ಲ. ಬಂದವನು ಐನೂರ್ವರಲ್ಲಿ ಒಬ್ಬನೋ ಅಲ್ಲವೋ ಎಂದು ಅದು ಯಾರನ್ನೂ ಕೇಳಿದ್ದಿಲ್ಲ.